ಮೂರು ದಿನದ ಮೇಡಮ್

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ನೌಕರಿ ಹುಡುಕುತ್ತ ತಿರುಗಿದ ಆ ವರ್ಷ ಮಾತ್ರ ಅದು ಎಲ್ಲಿ ಹೋಗಿ ಅಡಗಿತ್ತೋ ಗೊತ್ತಿಲ್ಲ. ಎದುರಿಗಿದ್ದವರು ಏನಾದರೊಂದು ಅಂದರೆ ಸಿಟ್ಟು ಬರುವ ಮೊದಲೇ ಗರ ಬಡಿದವಳಂತೆ ನಿಂತುಬಿಡುತ್ತಿದ್ದೆ. ಹೇಳಬೇಕಾಗಿದ್ದ ಮಾತೆಲ್ಲ ಹೊಳೆಯುತ್ತಿದ್ದದ್ದು ವಾಪಸು ಬಸ್ಸು ಹತ್ತಿದ ಮೇಲೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಗಳಾಗಿದ್ದವು. ಗಣಿತದಲ್ಲಿ ಬಿ.ಎಸ್ಸಿ., ಅದರ ಮೇಲೆ ಬಿ.ಇಡಿ. ಮುಗಿಸಿ ಮೋಟೆಬೆನ್ನೂರಿನ ಮನೆಗೆ ಬಂದಿದ್ದೆ. ಹೊಲವಿತ್ತು, ಹೆದ್ದಾರಿಯ ಪಕ್ಕ ಅಪ್ಪನ ಕಿರಾಣಿ ಅಂಗಡಿ ಇತ್ತು. ನನ್ನ ಸಂಬಳಕ್ಕೆ ಯಾರೂ ಬಾಯಿ ಬಿಟ್ಟುಕೊಂಡು ಕೂತಿರಲಿಲ್ಲ. ಕಾದು ಕೂತಿದ್ದವರು ವರನ ಕಡೆಯವರು. ಹಾವೇರಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವರ ಮನೆತನ. ಸೊಸೆ ಹೊರಗೆ ಹೋಗಿ ದುಡಿಯುವುದು ತಮ್ಮಲ್ಲಿ ನಡೆಯುವುದಿಲ್ಲವೆಂದು ಮೊದಲೇ ಹೇಳಿ ಕಳಿಸಿದ್ದರು. ನಾನು ಊಟ ಬಿಟ್ಟು ಕೂತೆ. ಎರಡನೇ ದಿನ ಅಪ್ಪ ಒಂದು ಕರಾರಿಗೆ ಬಂದ.

"ದೀಪಾವಳಿ ಒಳಗ ನೌಕರಿ ಹಿಡಿ. ಹಿಡಿದ್ರ ನಾ ಮದುವಿ ಮಾತ ಎತ್ತೂದಿಲ್ಲ. ಇಲ್ಲಂದ್ರ ಅವ್ರಿಗೆ ಹೂಂ ಅನ್ಬೇಕು ನೋಡು."

ಒಪ್ಪಿಕೊಂಡೆ. ಓಣಿಗೊಂದು ಖಾಸಗಿ ಶಾಲೆ ಏಳುತ್ತಿದ್ದ ಕಾಲ ಅದು. ಗಣಿತದ ಟೀಚರನ್ನು ಬೇಡ ಎನ್ನುವವರು ಯಾರಿದ್ದಾರೆ ಎಂಬ ಧೈರ್ಯ ನನ್ನದು.

ಬೇಡ ಎನ್ನುವವರು ಬೇಕಾದಷ್ಟು ಜನ ಇದ್ದರು. ಹಾವೇರಿಯ ಒಂದು ಶಾಲೆಯಲ್ಲಿ ಆಡಳಿತ ಮಂಡಳಿಯ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿಯೇ ಮಾತನಾಡಿಸಿದರು. ಕರೆಂಟು ಹೋಗಿ ಸೆಕೆ ಕುದಿಯುತ್ತಿತ್ತು. ನನ್ನ ಫೈಲು ಇಸಿದುಕೊಂಡವರು ತೆರೆದು ನೋಡಲಿಲ್ಲ, ಅದರಿಂದ ಗಾಳಿ ಹಾಕಿಕೊಳ್ಳತೊಡಗಿದರು. ನನ್ನ ಅಷ್ಟು ವರ್ಷದ ಓದು ಅವರ ಬೆವರು ಆರಿಸುತ್ತಿತ್ತು. ಮದುವೆ ಯಾವಾಗ, ಮದುವೆಯಾದರೆ ಕೆಲಸ ಬಿಡುತ್ತೀಯಲ್ಲ, ಬಿಟ್ಟು ಹೋಗುವವಳಿಗೆ ಯಾಕೆ ಕೊಡಬೇಕು ಎಂದು ತಾವೇ ಕೇಳಿ ತಾವೇ ಉತ್ತರ ಹೇಳಿಕೊಂಡರು. ಕರೆಂಟು ಬಂದ ಮೇಲೆ ಫೈಲು ಹಿಂದಕ್ಕೆ ಕೊಟ್ಟರು.

ಬ್ಯಾಡಗಿಯಲ್ಲಿ ಶಾಲೆಯ ಮಾಲೀಕರು ಮೆಣಸಿನಕಾಯಿ ವ್ಯಾಪಾರಿ. ಶಾಲೆಗೆ ಬರಲು ಪುರಸೊತ್ತಿಲ್ಲವೆಂದು ನನ್ನನ್ನು ಅಂಗಡಿಗೇ ಕರೆಸಿಕೊಂಡರು. ಸುತ್ತಲೂ ಚೀಲಗಳು, ಒಬ್ಬ ಹಮಾಲ ಅದೇ ಹೊತ್ತಿಗೆ ಒಂದನ್ನು ಕೊಡವಿದ. ನಾನು ಒಂದೇ ಸಮನೆ ಸೀನತೊಡಗಿದೆ. ಬ್ಯಾಡಗಿ ಮಗ್ಗುಲಿನ ಊರವಳಾಗಿ ಮೆಣಸಿನಕಾಯಿ ಘಾಟು ತಡೆಯದವಳು ಹುಡುಗರ ಗದ್ದಲ ಹೇಗೆ ತಡೆದಾಳು ಎಂದು ಗುಮಾಸ್ತರ ಕಡೆ ನೋಡಿ ಮಾಲೀಕರು ನಕ್ಕರು. ಗುಮಾಸ್ತರೂ ನಕ್ಕರು. ನನ್ನ ಸಂದರ್ಶನ ಅಷ್ಟಕ್ಕೇ ಮುಗಿಯಿತು. ಹೊರಗೆ ಬಂದು ಕಣ್ಣೊರೆಸಿಕೊಂಡಾಗ ಅದು ಘಾಟಿನ ನೀರೋ ಅಳುವೋ ನನಗೇ ತಿಳಿಯಲಿಲ್ಲ.

ಹೀಗೆ ಎರಡು ಊರಲ್ಲಿ ಮುಖಕ್ಕೆ ಹೊಡೆಸಿಕೊಂಡವಳಿಗೆ ರಾಣೆಬೆನ್ನೂರಿನ ಶಾಲೆ ಸ್ವರ್ಗದಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ದಸರಾ ರಜೆ ಮುಗಿದ ವಾರ ಅಲ್ಲಿಂದ ಕರೆ ಬಂತು. ನಾನು ಬಾಗಿಲಲ್ಲಿ ಕಾಣುತ್ತಲೇ ಹೆಡ್ ಮಾಸ್ತರರು ಎದ್ದು ನಿಂತು, "ಬರ್ರಿ ಮೇಡಮ್, ಕುಂದ್ರಿ" ಎಂದರು. ಅಲ್ಲಿಯವರೆಗೆ ನನ್ನನ್ನು ಮೇಡಮ್ ಎಂದವರೇ ಇರಲಿಲ್ಲ. ಬಸಿಯ ಮೇಲೆ ಕಪ್ಪಿಟ್ಟು ಚಹಾ ತರಿಸಿದರು. ಅಂಕಪಟ್ಟಿಗಳನ್ನು ಒಂದೊಂದಾಗಿ ನೋಡಿ ತಲೆದೂಗಿದರು. ಮೂರು ದಿನ ಡೆಮೊ ಪಾಠ ಮಾಡಬೇಕು, ಹುಡುಗರಿಗೆ ಹಿಡಿಸಿದರೆ ಕಮಿಟಿಯವರು ಬೇಡ ಎನ್ನುವುದಿಲ್ಲ ಎಂದರು.

ಒಂಬತ್ತು ಮತ್ತು ಹತ್ತನೇ ತರಗತಿಯ ಗಣಿತದ ಪೀರಿಯಡ್ಡುಗಳನ್ನೆಲ್ಲ ನನಗೇ ಕೊಟ್ಟರು. ನಾನು ಜೀವ ತೇಯ್ದು ಪಾಠ ಮಾಡಿದೆ. ಹುಡುಗರೂ ಬಲು ಚುರುಕು. ಹೋದ ಕೂಡಲೇ ಪಾಠ ಎಲ್ಲಿಗೆ ನಿಂತಿದೆ ಎಂದು ಒಂದೇ ಉಸುರಿಗೆ ಒಪ್ಪಿಸಿದರು. ಎಂಥ ಶಿಸ್ತು ಎಂದು ಖುಷಿಪಟ್ಟೆನೇ ಹೊರತು ಹಿಂದೆ ಪಾಠ ಮಾಡಿದವರು ಎಲ್ಲಿ ಹೋದರು ಎಂದು ಕೇಳಲು ನನಗೆ ಹೊಳೆಯಲೇ ಇಲ್ಲ. ಎರಡನೇ ದಿನ ಸಂಜೆ ಹೆಡ್ ಮಾಸ್ತರರು ಗೇಟಿನ ತನಕ ಬಂದು, ನಿಮ್ಮಂಥವರೇ ನಮಗೆ ಬೇಕಾಗಿತ್ತು ಎಂದರು.

ನಾನು ಮನೆಗೆ ಹಾರಿಕೊಂಡು ಹೋದೆ. ನೌಕರಿ ಸಿಕ್ಕ ಹಾಗೆಯೇ ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಕೊಟ್ಟ ಮಾತಿಗೆ ತಪ್ಪುವವನಲ್ಲ. ಆ ಸಂಜೆಯೇ ಅಂಗಡಿಯ ಫೋನಿನಿಂದ ಮಧ್ಯಸ್ಥರಿಗೆ, ಮಗಳು ರಾಣೆಬೆನ್ನೂರಿನಲ್ಲಿ ಟೀಚರ್ ಆಗಿದ್ದಾಳೆ, ಈ ಸಂಬಂಧ ಬೇಡ ಎಂದು ಹೇಳಿಬಿಟ್ಟ. ಅಂಗಡಿಗೆ ಬಂದವರಿಗೆಲ್ಲ ಪೇಡೆ ಕೊಟ್ಟ. ಮಗಳ ಓದಿನ ಬಗ್ಗೆ ಅವನು ಎದೆಯುಬ್ಬಿಸಿ ಮಾತಾಡಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಮೂರನೇ ದಿನ ಕೊನೆಯ ಪೀರಿಯಡ್ಡು ಹತ್ತನೆಯವರಿಗೆ. ಸಮರೂಪ ತ್ರಿಭುಜಗಳ ಪ್ರಮೇಯವೊಂದನ್ನು ಅರ್ಧ ಬಿಡಿಸುವಷ್ಟರಲ್ಲಿ ಗಂಟೆಯಾಗುವ ಹೊತ್ತಾಯಿತು. ಉಳಿದದ್ದನ್ನು ನಾಳೆ ನೋಡೋಣ ಎಂದು ಕೈಯ ಸೀಮೆಸುಣ್ಣದ ಪುಡಿ ಝಾಡಿಸಿದೆ. ಇಡೀ ತರಗತಿ ನಕ್ಕಿತು.

ಕುಚೇಷ್ಟೆಯ ನಗೆ ಅದಾಗಿರಲಿಲ್ಲ. ಯಾಕೆ ನಗುತ್ತೀರಿ ಎಂದು ಕೇಳಿದ್ದಕ್ಕೆ ಮೊದಲ ಬೆಂಚಿನ ಹುಡುಗಿ ಎದ್ದು ನಿಂತಳು.

"ನಾಳೆ ನೀವು ಬರೂದಿಲ್ರಿ ಟೀಚರ್. ನಾಳಿಂದ ಬ್ಯಾರೇದವ್ರು ಬರ್ತಾರ್ರಿ."

ಎಷ್ಟು ಜನ ಬಂದು ಹೋಗಿದ್ದಾರೆ ಎಂದು ಕೇಳಿದೆ. ಆ ವರ್ಷ ಶಾಲೆ ಶುರುವಾದಾಗಿನಿಂದ ಬಂದವರ ಲೆಕ್ಕ ಹಾಕಲು ಹೋಗಿ ಅವರವರಲ್ಲೇ ಜಗಳ ಬಿತ್ತು. ಕನ್ನಡಕದವರು, ಹೊಡೆಯುವವರು, ಕೊನೆಯ ದಿನ ಅತ್ತುಬಿಟ್ಟವರು, ಹೀಗೆ ಗುರುತು ಹೇಳುತ್ತ ಹೋದರು. ಯಾರೂ ಮೂರು ದಿನದ ಮೇಲೆ ನಿಂತಿರಲಿಲ್ಲ. ಒಬ್ಬರಿಗೂ ಸಂಬಳ ಕೊಡದೆ ಆ ಶಾಲೆ ಗಣಿತವನ್ನು ಅರ್ಧ ವರ್ಷ ನಡೆಸಿತ್ತು. ನನ್ನ ಮುಖ ನೋಡಿ ಆ ಹುಡುಗಿಗೆ ಕೆಡುಕೆನಿಸಿರಬೇಕು. ನೀವು ಎಲ್ಲರಿಗಿಂತ ಛಲೋ ಹೇಳಿದಿರಿ ಎಂದಳು.

ಆಫೀಸಿಗೆ ಹೋದಾಗ ನನ್ನ ಕುರ್ಚಿಯಲ್ಲಿ ಇನ್ನೊಬ್ಬಳು ಕೂತಿದ್ದಳು. ನನ್ನದೇ ವಯಸ್ಸು, ತೊಡೆಯ ಮೇಲೆ ಫೈಲು, ಕೈಯಲ್ಲಿ ಬಸಿಯ ಮೇಲಿಟ್ಟ ಚಹಾದ ಕಪ್ಪು. ಹೆಡ್ ಮಾಸ್ತರರು ಎಂದಿನಂತೆ ಎದ್ದು ನಿಂತರು.

"ಕಮಿಟಿಯವರು ಆಮ್ಯಾಲೆ ತಿಳಿಸ್ತಾರ್ರಿ ಮೇಡಮ್. ಹೋಗೂದ್ರಾಗ ಪಾಠ ಎಲ್ಲಿಗೆ ನಿಲ್ಲಿಸೀರಿ ಅಂತ ಇವ್ರಿಗೆ ಒಂಚೂರು ಹೇಳಿ ಹೋಗ್ರಿ."

ಆ ದನಿಯಲ್ಲಿ ನಾಚಿಕೆ ಇರಲಿಲ್ಲ, ಕಪಟವೂ ಇದ್ದಂತೆ ಕಾಣಲಿಲ್ಲ. ಅಂಗಡಿಯಲ್ಲಿ ಒಬ್ಬ ಆಳು ಇನ್ನೊಬ್ಬನಿಗೆ ಕೀಲಿಕೈ ಕೊಟ್ಟು ಹೋಗಲಿ ಎನ್ನುವಷ್ಟೇ ಸಹಜವಾಗಿ ಹೇಳಿದರು. ಅದಕ್ಕಿಂತ ನಾನು ದಂಗಾದದ್ದು ನನ್ನದೇ ಬಾಯಿ ಕೇಳಿ. ಸಮರೂಪ ತ್ರಿಭುಜ, ಎರಡನೇ ಪ್ರಮೇಯ, ಅರ್ಧ ಸಾಧನೆಯಾಗಿದೆ ಎಂದು ಅದು ಅಚ್ಚುಕಟ್ಟಾಗಿ ಒಪ್ಪಿಸುತ್ತಿತ್ತು.

ಹೆಡ್ ಮಾಸ್ತರರು ಶಾಲೆ ಬಿಡುವ ಗಂಟೆ ಹೊಡೆಸಲು ಹೊರಗೆ ಹೋದರು. ನಾನು ಕುರ್ಚಿಯಲ್ಲಿದ್ದವಳ ಕಡೆ ಬಾಗಿ, ಇವರು ಯಾರನ್ನೂ ತೆಗೆದುಕೊಳ್ಳುವುದಿಲ್ಲ, ಪುಕ್ಕಟೆ ದುಡಿಸಿಕೊಂಡು ಕಳಿಸುತ್ತಾರೆ, ಈಗಲೇ ಎದ್ದು ಹೋಗಿ ಎಂದು ಗಡಬಡಿಸಿ ಹೇಳಿದೆ. ಅವಳು ಕಪ್ಪನ್ನು ಮೇಜಿನ ಮೇಲಿಟ್ಟಳು.

"ಗೊತ್ತೈತ್ರಿ. ನಾ ಶ್ರಾವಣದಾಗೂ ಒಮ್ಮೆ ಬಂದು ಹೋಗೇನಿ. ಅವ್ರಿಗೆ ನನ್ನ ಗುರ್ತ ಹತ್ತಿಲ್ಲ."

ಗೊತ್ತಿದ್ದೂ ಯಾಕೆ ಬಂದಿರಿ ಎಂದೆ. ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು.

"ನಮ್ಮೂರು ಕುಪ್ಪೇಲೂರಾಗ ಎಲ್ಲಾರೂ ನನಗ ನೌಕರಿ ಐತಿ ಅಂತ ತಿಳಕೊಂಡಾರ್ರಿ. ದಿನಾ ಎಲ್ಲಿಗೆರ ಹೋಗಬೇಕಲ್ರಿ."

ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ಖರೇ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಹೆಡ್ ಮಾಸ್ತರರಿಗಿಂತ ಅವಳ ಮೇಲೆಯೇ ನನಗೆ ಹೆಚ್ಚು ಸಿಟ್ಟು ಬಂತು. ಬಸ್ಸಿನಲ್ಲಿ ಕೂತ ಮೇಲೆ ಬ್ಯಾಡಗಿ ಮಾರ್ಕೆಟ್ಟು ನೆನಪಾಯಿತು. ಚೀಲದ ಬಾಯಿ ಬಿಚ್ಚಿಟ್ಟರೆ ಹಾದು ಹೋಗುವವರೆಲ್ಲ ಮಾಲು ನೋಡುತ್ತೇನೆಂದು ಒಂದೊಂದು ಮುಷ್ಟಿ ತೆಗೆಯುತ್ತಾರೆ, ಮುಂದೆ ನಡೆಯುತ್ತಾರೆ. ಫೈಲಿನಿಂದ ಗಾಳಿ ಹಾಕಿಕೊಂಡವರು, ಸೀನಿಗೆ ನಕ್ಕವರು ಬೇಡವೆಂದು ಮುಖಕ್ಕೇ ಹೇಳಿದ್ದರು. ಚಹಾ ಕೊಟ್ಟವರು ಮುಷ್ಟಿ ತುಂಬಿಕೊಂಡು ಕಳಿಸಿದರು.

ಅಂಗಡಿಯಲ್ಲಿ ಗಿರಾಕಿಗಳು ಖಾಲಿಯಾಗುವವರೆಗೆ ಕಾದು ಅಪ್ಪನಿಗೆ ಇದ್ದದ್ದನ್ನೆಲ್ಲ ಹೇಳಿದೆ. ಎಣ್ಣೆಯ ಡಬ್ಬಿ ಕಮ್ಮಿ ತೂಗಿದರೆ ದಾವಣಗೆರೆಯ ತನಕ ಹೋಗಿ ಜಗಳ ತೆಗೆಯುವ ಮನುಷ್ಯ. ನಾಳೆ ಮೊದಲ ಬಸ್ಸಿಗೇ ಹೋಗಿ ಆ ಹೆಡ್ ಮಾಸ್ತರರ ನೀರಿಳಿಸುತ್ತಾನೆ ಎಂದು ನನಗೆ ಪೂರಾ ನಂಬಿಕೆ ಇತ್ತು. ಅಪ್ಪ ಸಕ್ಕರೆಯ ಪೊಟ್ಟಣ ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಇದನ್ನ ಯಾರ ಮುಂದೂ ಆಡಬ್ಯಾಡ. ನಿಮ್ಮವ್ವಗೂ ಬ್ಯಾಡ."

ಹಾಗಾದರೆ ನಾಳೆ ಏನು ಮಾಡಲಿ ಎಂದು ಕೇಳಿದೆ.

"ಎಂಟರ ಬಸ್ಸಿಗೆ ಹೋಗು. ಎಲ್ಲೆರ ಕುಂತು ಸಂಜೀಕ ಬಾ. ನೌಕರಿ ಇಲ್ಲಂತ ಗೊತ್ತಾದ್ರ ಆ ಗಂಡಿನವ್ರು ಮತ್ತ ಬರ್ತಾರ. ಆಗ ನಾ ಏನಂತ ಒಲ್ಲೆ ಅನ್ನಲಿ?"

ಅಪ್ಪ ನನ್ನ ಮುಖ ನೋಡಲಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವನು ನನ್ನ ಪರವಾಗಿಯೇ ನಿಂತಿದ್ದ, ಅವನಿಗೆ ತಿಳಿದ ರೀತಿಯಲ್ಲಿ.

ಮರುದಿನ ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ದಾರಿಯಲ್ಲಿ ಸಿಕ್ಕವರು ಟೀಚರ್ ಹೊರಟರು ಎಂದು ಜಾಗ ಬಿಟ್ಟರು. ಬಸ್ಸು ಹತ್ತಿ ಕೂತೆ. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದ. ಹೇಳಲು ಒಂದು ಊರೂ ಬಾಯಿಗೆ ಬರಲಿಲ್ಲ. ಈ ಬಸ್ಸು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಹರಿಹರ ಎಂದ. ಅಲ್ಲಿಗೇ ಕೊಡಿ ಎಂದೆ. ರಾಣೆಬೆನ್ನೂರು ಬಂದಾಗ ಇಳಿಯುವವರಿಗೆ ದಾರಿಯಾಗಲೆಂದು ಕಾಲು ಮಡಚಿಕೊಂಡು ಕೂತೆ.