ಚಳಿಗಾಲಕ್ಕೆಂದು ಕೊಂಡ ಮನೆ

ಡಿಸೆಂಬರ್ ಬೆಳಗುಗಳಲ್ಲಿ ನಮ್ಮ ವೀಣೆ ಟೀಚರ ಬೆರಳುಗಳು ಅಂಗೈಯೊಳಕ್ಕೆ ಮಡಚಿಕೊಂಡು ಹಾಗೆಯೇ ನಿಂತುಬಿಡುತ್ತಿದ್ದವು. ಗೆಣ್ಣುಗಳು ಊದಿ ಕೆಂಪಗಾಗಿರುತ್ತಿದ್ದವು. ಬಿಸಿ ಕಾಫಿಯ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು, ಕಾವು ಹತ್ತಿದ ಮೇಲೆ ಒಂದೊಂದೇ ಬೆರಳನ್ನು ಬಿಡಿಸಿಕೊಳ್ಳುತ್ತಿದ್ದರು. ಶ್ರುತಿ ಮಾಡಿಕೊಂಡು ಕೂತಿದ್ದ ನಾವು ಸುಮ್ಮನೆ ಕಾಯಬೇಕಿತ್ತು. ಒಮ್ಮೆ ಸಹಾಯಕ್ಕೆಂದು ಕೈ ಚಾಚಿದೆ. “ನಿನ್ನ ಕೈ ನಿನ್ನ ವೀಣೆ ಮೇಲಿರ್ಲಿ” ಎಂದರು.

ಬೆಂಗಳೂರಿನ ಬಸವನಗುಡಿಯಲ್ಲಿ, ಗಾಂಧಿಬಜಾರಿನ ಹಿಂದಿನ ರಸ್ತೆಯಲ್ಲಿ ಅವರ ಮನೆ. ಮಹಡಿಯ ಮೇಲೆ ಟೀಚರ್, ಕೆಳಗೆ ಅವರ ತಮ್ಮ ಮತ್ತು ತಮ್ಮನ ಹೆಂಡತಿ. ಟೀಚರ್ ಮದುವೆಯಾಗಿರಲಿಲ್ಲ, ಅದರ ಬಗ್ಗೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೊಗಳಿಕೆ ಎಂಬುದು ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಬಹಳ ಚೆನ್ನಾಗಿ ನುಡಿಸಿದರೆ “ಹೂಂ, ಮುಂದೆ” ಎನ್ನುತ್ತಿದ್ದರು. ಆ ಒಂದು ‘ಹೂಂ’ಗಾಗಿ ನಾನು ವರ್ಷಗಟ್ಟಲೆ ಬೆರಳು ಸವೆಸಿದ್ದೇನೆ. ಮಗಳನ್ನು ಯಾವಾಗ ಸ್ಟೇಜ್ ಹತ್ತಿಸುತ್ತೀರಿ ಎಂದು ಪೀಡಿಸುತ್ತಿದ್ದ ತಾಯಿಯೊಬ್ಬರಿಗೆ, “ಕಲ್ಯಾಣಮಂಟಪದಲ್ಲೂ ಸ್ಟೇಜ್ ಇರತ್ತಲ್ಲ, ಅಲ್ಲೇ ಕೂರ್ಸಿ” ಎಂದು ಹೇಳಿ ಕಳಿಸಿದ್ದರು.

ಬೆಂಗಳೂರಿನ ಹವೆಯನ್ನು ಹೊಗಳದವರಿಲ್ಲ. ಅದೇ ಹವೆ ಟೀಚರ ಕೈಗಳನ್ನು ತಿನ್ನುತ್ತಿತ್ತು. ಚಳಿಗಾಲವನ್ನು ಕರಾವಳಿಯಲ್ಲಿ ಕಳೆಯಿರಿ, ಇಲ್ಲದಿದ್ದರೆ ವೀಣೆ ಮರೆತುಬಿಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಆ ಹೊತ್ತಿಗೆ ನಾನು ಕೆಲಸಕ್ಕೆ ಸೇರಿದ್ದೆ. ಜನವರಿಯಲ್ಲಿ ರಜೆ ಹಾಕಿ, ಊರು ಆರಿಸಲು ಅವರ ಜೊತೆ ನಾನೇ ಹೊರಟೆ.

ಊರು ಆರಿಸುವುದಕ್ಕೆ ಟೀಚರ್ ತಮ್ಮದೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದರು. ಬೆಳಗಿನ ಜಾವ ಎದ್ದು, ಬಿಸಿನೀರು ಮುಟ್ಟದೆ, ತಾವೇ ಜಡೆ ಹೆಣೆದುಕೊಳ್ಳಲು ಆದರೆ ಆ ಊರು ಪಾಸು. ಮಂಗಳೂರಿನಲ್ಲಿ ಜಡೆ ಬಂತು, ಆದರೆ ಲಾಡ್ಜಿನ ಕೆಳಗಿನ ಹಾರ್ನುಗಳನ್ನು ಕೇಳಿ, “ಇದಕ್ಕೆ ಬಸವನಗುಡಿ ಬಿಟ್ಟು ಬರಬೇಕಿತ್ತಾ?” ಎಂದು ಪೆಟ್ಟಿಗೆ ಎತ್ತಿಕೊಂಡರು. ಕುಂದಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಜಡೆಯೂ ಬಂತು, ಮನಸ್ಸೂ ಒಪ್ಪಿತು. ಜಡೆಯನ್ನು ಮುಂದಕ್ಕೆ ಎಳೆದುಕೊಂಡು ನನಗೆ ತೋರಿಸಿದಾಗ ಅವರ ಮುಖದಲ್ಲಿದ್ದ ಜಂಬವನ್ನು ನಾನು ಬೇರೆಂದೂ ನೋಡಿಲ್ಲ.

“ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯಲ್ವಾ ಟೀಚರ್?” ಎಂದೆ.

“ತಂತಿ ಅಂಗಡೀಲಿ ಸಿಗತ್ತೆ ಕಣೇ. ಬೆರಳು ಎಲ್ಲಿ ಸಿಗತ್ತೆ?”

ತಮ್ಮಲ್ಲಿದ್ದುದನ್ನೆಲ್ಲ ಹಾಕಿ ಅಲ್ಲಿ ಒಂದು ಹೆಂಚಿನ ಮನೆ ಕೊಂಡರು. ಓಡಾಟವೆಲ್ಲ ತಮ್ಮನದು. ಆತ ಒಳ್ಳೆಯ ಮಾತುಗಾರ, ಬೀದಿಗೆಲ್ಲ ಬೇಕಾದ ಮನುಷ್ಯ. ಮೊದಲ ಚಳಿಗಾಲ ಟೀಚರ್ ಅಲ್ಲಿಯೇ ಇದ್ದರು. ನೋಡಿಬರೋಣವೆಂದು ನಾನು ಹೋದಾಗ ಇನ್ನೂ ಬೆಳಕು ಪೂರ್ತಿ ಹರಿದಿರಲಿಲ್ಲ. ಗೇಟಿನ ಬಳಿಯೇ ವೀಣೆ ಕೇಳಿಸಿತು. ಬೆಂಗಳೂರಿನಲ್ಲಿ ನುಡಿಸುವುದನ್ನೇ ಬಿಟ್ಟಿದ್ದ ತಾನವನ್ನು ಎಲ್ಲೂ ತಡವರಿಸದೆ ನುಡಿಸುತ್ತಿದ್ದರು. ಒಳಗೆ ಹೋದರೆ ನಿಲ್ಲಿಸಿಬಿಡುತ್ತಾರೆಂದು, ಬ್ಯಾಗು ಹಿಡಿದುಕೊಂಡು ಹೊರಗೇ ನಿಂತಿದ್ದೆ.

ಅದೇ ಚಳಿಗಾಲದಲ್ಲಿ ತಮ್ಮನೂ ಅಲ್ಲಿಗೆ ಹೋಗಿಬಂದ. ಆತನಿಗೆ ಕಂಡಿದ್ದು ವೀಣೆಯಲ್ಲ, ರೂಮು ಸಿಗದೆ ಸಮುದ್ರದ ದಾರಿಯಲ್ಲಿ ಅಲೆಯುತ್ತಿದ್ದ ಬೆಂಗಳೂರಿನ ಕಾರುಗಳು. ಮಳೆಗಾಲ ಮುಗಿಯುವುದರೊಳಗೆ ಮನೆಗೆ ಹೊಸ ಬಣ್ಣ, ಹೊಸ ಮಂಚಗಳು, ಗೇಟಿಗೆ ಹೋಂಸ್ಟೇ ಬೋರ್ಡು.

ಮರುವರ್ಷ ಕಾರ್ತಿಕ ಮುಗಿಯುವ ಹೊತ್ತಿಗೆ ಟೀಚರ್ ಪೆಟ್ಟಿಗೆ ಕಟ್ಟಿಟ್ಟಿದ್ದರು. ನಾನು ಪಾಠಕ್ಕೆಂದು ಹೋಗಿದ್ದೆ. ಮೆಟ್ಟಿಲು ಹತ್ತಿ ಬಂದ ತಮ್ಮ ಬಾಗಿಲಲ್ಲೇ ನಿಂತ.

“ಅಕ್ಕಾ, ಡಿಸೆಂಬರ್ರು ಜನವರಿ ಫುಲ್ ಬುಕ್ ಆಗ್ಬಿಟ್ಟಿದೆ. ಸೀಸನ್ ಮುಗೀಲಿ, ಯಾವಾಗ್ ಬೇಕಾದ್ರೂ ಹೋಗು. ಮನೆ ನಿಂದೇ ಅಲ್ವಾ?”

ಅವನು ಇಳಿದುಹೋದ ಮೇಲೆ ನಾನು ಕೂಗಾಡಿದೆ. ಟೀಚರ್ ವೀಣೆಗೆ ಗವಸು ಹಾಕುತ್ತಾ, “ಒಂದು ಸಲ ಹೇಳಿದೀನಿ, ನಂಗೆ ಚಳಿಗಾಲಕ್ಕೆ ಮನೆ ಬೇಕು ಅಂತ. ಎರಡನೇ ಸಲ ಕೇಳೋದು ನನ್ನ ಕೈಲಾಗಲ್ಲ” ಎಂದರು.

ಹಾಳು ಸ್ವಾಭಿಮಾನ. ಅದನ್ನು ನೆನೆದರೆ ಈಗಲೂ ಅವರ ಮೇಲೆಯೇ ಸಿಟ್ಟು ಬರುತ್ತದೆ.

ಕೊಟ್ಟ ಮಾತಿಗೆ ತಮ್ಮ ತಪ್ಪುವವನಲ್ಲ, ಸೀಸನ್ ಮುಗಿದ ಮೇಲೆ ಜೂನಿನಲ್ಲಿ ಅಕ್ಕನನ್ನು ತಾನೇ ಕಾರಿನಲ್ಲಿ ಬಿಟ್ಟುಬಂದ. ಹೊರಗೆ ಬಿಡದೆ ಸುರಿಯುವ ಮಳೆ. ಗೋಡೆಗಳಲ್ಲಿ ನೀರು ಜಿನುಗುತ್ತಿತ್ತಂತೆ, ಹಾಸಿಗೆಯೆಲ್ಲ ಥಂಡಿಯಂತೆ. ವಾರ ಕಳೆಯುವುದರೊಳಗೆ ಟೀಚರ್ ವಾಪಸು ಬಂದರು. ಆಮೇಲೆ ಅವರ ಬೆರಳುಗಳು ಯಾವ ಕಾಫಿಗೂ ಬಿಚ್ಚಿಕೊಳ್ಳಲಿಲ್ಲ. ಬಾಯಲ್ಲಿ ಸ್ವರ ಹೇಳುತ್ತಾ ಪಾಠ ಮಾಡತೊಡಗಿದರು. ಜಡೆ ಹಾಕಲು ಕೆಲಸದವಳು ಬರುತ್ತಿದ್ದಳು.

ನಾನು ಸುಮ್ಮನಿರಲಿಲ್ಲ. ಕೆಳಗೆ ತಮ್ಮನ ಮನೆಗೆ ಹೋಗಿ, ಒಂದು ಚಳಿಗಾಲವಾದರೂ ಅವರಿಗೆ ಬಿಟ್ಟುಕೊಡಿ ಎಂದು ಕೇಳಿದೆ. ಆತ ನನ್ನನ್ನು ಪ್ರೀತಿಯಿಂದಲೇ ಕೂರಿಸಿ, ಮೊಬೈಲು ತೆಗೆದು, ಅಲ್ಲಿ ಉಳಿದು ಹೋಗಿದ್ದ ದೆಹಲಿಯ ಯಾರೋ ಬರೆದುದನ್ನು ಓದಿಸಿದ. ಜನವರಿಯಲ್ಲೂ ಮನೆ ಬೆಚ್ಚಗಿತ್ತು, ನಮ್ಮ ತಾಯಿಯ ಮಂಡಿನೋವು ಮಾಯವಾಯಿತು ಎಂದಿತ್ತು. “ನೋಡಮ್ಮಾ, ಅಕ್ಕನ ಸೆಲೆಕ್ಷನ್ನು!” ಎಂದು ಹೆಮ್ಮೆಪಟ್ಟ. ಅವನ ಮುಖದಲ್ಲಿ ಕಪಟವನ್ನು ಹುಡುಕಿದೆ. ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಉರಿಸಿತು.

ಟೀಚರ್ ಹೋದದ್ದು ಸಂಕ್ರಾಂತಿಯ ಮರುದಿನ. ಎದೆಯಲ್ಲಿ ಕಫ ಕಟ್ಟಿತ್ತು. ತಮ್ಮ ಆಗ ಕರಾವಳಿಯಲ್ಲಿದ್ದ. ಹೆಣದ ಪಕ್ಕದಲ್ಲಿ ನಾವು ಸಂಜೆಯವರೆಗೆ ಕಾದೆವು. ಅವನು ಬಂದವನೇ, “ಗೆಸ್ಟ್ಸ್ ಇದ್ರು, ಹಾಗೇ ಬಿಟ್ಟು ಬರೋಕಾಗ್ಲಿಲ್ಲ” ಎಂದು ಬಿಕ್ಕಿಬಿಕ್ಕಿ ಅತ್ತ. ಆ ಅಳುವೂ ಸುಳ್ಳಲ್ಲ.

ನನಗೆ ಬರುವ ಸಂಗೀತವೆಲ್ಲ ಟೀಚರದು. ನಾನೂ ಈಗ ನಾಲ್ಕು ಮಕ್ಕಳಿಗೆ ಹೇಳಿಕೊಡುತ್ತೇನೆ, ಅವರಂತೆಯೇ ಮುಖ ಗಂಟಿಕ್ಕಿಕೊಂಡು. ಆ ಋಣ ಬೇರೆ ಹೇಗೆ ತೀರುವುದೋ ಗೊತ್ತಿಲ್ಲ.

ಟೀಚರ ವೈಕುಂಠ ಸಮಾರಾಧನೆಯ ದಿನ ಪಂಕ್ತಿಯಲ್ಲಿ ಕೂತಿದ್ದೆ. ಅನ್ನ, ಸಾರು ಆಗಿತ್ತು. ಉಪಚಾರ ಮಾಡುತ್ತಾ ಬಂದ ತಮ್ಮ ನನ್ನ ಎಲೆಯ ಮುಂದೆ ನಿಂತ.

“ಅಕ್ಕಂಗೆ ಆ ಮನೆ ಅಂದ್ರೆ ಪ್ರಾಣ. ಅವಳ ನೆನಪಿಗೆ ನೀನೂ ಒಂದ್ಸಲ ಹೋಗಿ ಇದ್ದು ಬಾಮ್ಮ. ಈಗ ಕಷ್ಟ, ಸೀಸನ್ನು. ಜೂನಲ್ಲಿ ಹೋಗು, ಪೂರ್ತಿ ಖಾಲಿ ಇರತ್ತೆ.”

ನಾನು ಎಲೆ ಮಡಚಿ ಎದ್ದುನಿಂತೆ. ನಮ್ಮಲ್ಲಿ ಯಾರೂ ಪಂಕ್ತಿಯ ನಡುವೆ ಹಾಗೆ ಏಳುವುದಿಲ್ಲ, ಅದೂ ಇಂಥ ಊಟದಲ್ಲಿ.

“ಯಾಕಮ್ಮಾ, ಊಟ ಸೇರ್ಲಿಲ್ವಾ?” ಎಂದ.

“ಟೀಚರ್‌ಗೆ ಜನವರಿಲಿ ಆ ಮನೆ ಬಾಗಿಲು ತೆಗೀಲಿಲ್ಲ ನೀವು. ನಿಮ್ಮ ಜೂನ್ ನಂಗೆ ಬೇಡ” ಎಂದೆ, ಪಂಕ್ತಿಗೆಲ್ಲ ಕೇಳುವ ಹಾಗೆ.

ಪಾಯಸ ಬಡಿಸುತ್ತಿದ್ದವರು ನನ್ನ ಎಲೆ ದಾಟಿಕೊಂಡು ಮುಂದಿನವರಿಗೆ ಬಡಿಸಿದರು.