ವಿಜೇತಕ್ಕನ ಮೂರು ಗಂಟೆಯ ಸವಾರಿ

ಮಂಗಳೂರಿನ ಹಂಪನಕಟ್ಟೆಯ ಹಳೇ ಲಾಡ್ಜಿನ ಮೇಲಂತಸ್ತಿನಲ್ಲಿ ಹೊಸದಾಗಿ ತೆರೆದ ‘ವಿಜೇತಾ ಮ್ಯಾನ್‌ಪವರ್’ ಎಂಬ ಕೆಲಸ ಕೊಡಿಸುವ ಆಫೀಸಿಗೆ ಗುಮಾಸ್ತನ ಸಂದರ್ಶನಕ್ಕೆ ಹೋದ ಅಕ್ಷಿತ್, ಫ್ಯಾನಿನ ಕೆಳಗೆ ಮೀಸೆ ತಿರುವುತ್ತ ಕೂತಿದ್ದ ಗಂಭೀರ ವ್ಯಕ್ತಿಯ ಎದುರು ಕೈಕಟ್ಟಿ ನಿಂತು, ಬಿ.ಕಾಂ.ನಲ್ಲಿ ಎರಡು ಸಲ ಫೇಲಾದದ್ದನ್ನೂ ಬಿಡದೆ ಇಪ್ಪತ್ತು ನಿಮಿಷ ತನ್ನ ಪುರಾಣ ಒಪ್ಪಿಸಿದ್ದ. ಆತ ಎಲ್ಲಕ್ಕೂ ತಲೆಯಾಡಿಸಿ, “ನನ್ನದೂ ಹಾಗೇ ಮಾರಾಯ, ವಾಚ್‌ಮನ್ ಕೆಲಸ ಕೇಳ್ಲಿಕ್ಕೆ ಬಂದದ್ದು” ಎಂದ. ಅಷ್ಟರಲ್ಲಿ ನೆಲ ಗುಡಿಸುತ್ತಿದ್ದ ಹೆಂಗಸು ಹಿಡಿಸೂಡಿಯನ್ನು ಮೂಲೆಗಿಟ್ಟು ಹೇಳಿದಳು: “ವಿಜೇತಾ ಅಂದ್ರೆ ನಾನೇ. ನಾಳೆಯಿಂದ ಬಾ.”

ಅದೇ ಮೊದಲ ಅನುಮಾನ. ತನ್ನಂಥವನನ್ನು ಒಂದು ಪ್ರಶ್ನೆಯನ್ನೂ ಕೇಳದೆ ತೆಗೆದುಕೊಳ್ಳುವ ಕಂಪನಿ ನೆಟ್ಟಗಿರಲು ಸಾಧ್ಯವೇ? ಅವನ ಮಾವನ ಪಾಸ್‌ಪೋರ್ಟಿನೊಂದಿಗೆ ಮಾಯವಾದ ಗಲ್ಫ್ ಏಜೆಂಟನೂ ಹೀಗೇ ನಗುನಗುತ್ತ “ನಾಳೆ ಬಾ” ಅಂದಿದ್ದನಂತೆ.

ಎರಡನೆಯದು, ವಿಜೇತಕ್ಕ ಕೆಲಸ ಕೇಳಿ ಬಂದವರಿಂದ ಬಿಡಿಗಾಸನ್ನೂ ಮುಟ್ಟುತ್ತಿರಲಿಲ್ಲ. ಕಮಿಷನ್ ಏನಿದ್ದರೂ ಕೆಲಸ ಕೊಡುವವರದ್ದು. ಧರ್ಮಕ್ಕೆ ಯಾರು ಆಫೀಸು ತೆರೆಯುತ್ತಾರೆ? ಮೂರನೆಯದು ದೊಡ್ಡದು. ಒಂದೂವರೆ ತಿಂಗಳಾದರೂ ಒಬ್ಬರಿಗೂ ಕೆಲಸ ಆಗಿರಲಿಲ್ಲ. ಮೂರ್ನಾಲ್ಕು ದಿನಕ್ಕೊಮ್ಮೆ ಮಧ್ಯಾಹ್ನ ಮೂರು ಗಂಟೆಗೆ ಹುಡುಗಿಯರ ಅರ್ಜಿಗಳನ್ನು ಬ್ಯಾಗಿಗೆ ತುರುಕಿಕೊಂಡು ಆಕೆ ಎಲ್ಲಿಗೋ ಹೊರಟುಬಿಡುತ್ತಿದ್ದಳು.

“ಅಣ್ಣಾ, ನನ್ನ ಆಧಾರ್ ಕಾಪಿ, ಫೋಟೋ ಎಲ್ಲ ಆ ಬ್ಯಾಗಲ್ಲಿ ಉಂಟು. ಅದು ಆಗಾಗ ಎಲ್ಲಿಗೆ ಹೋಗ್ತದೆ?” ಎಂದು ಕೇಳಿದವಳು ಆಮ್ನಾ. ಫಳ್ನೀರಿನಲ್ಲಿ ಅವಳು ದುಡಿಯುತ್ತಿದ್ದ ಬಟ್ಟೆ ಅಂಗಡಿ ಮುಚ್ಚಿ, ಈಗ ವಾರಕ್ಕೆರಡು ಸಲ ಇಲ್ಲಿಯ ಮೆಟ್ಟಿಲು ಹತ್ತುತ್ತಿದ್ದಳು.

“ಎಲ್ಲ ಸರಿ ಉಂಟು” ಎಂದ ಅಕ್ಷಿತ್. ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು.

ಆ ಶನಿವಾರ ಫೋನು ಬಂತು. ಪಡೀಲಿನ ಹೋಟೆಲ್ ಮಾಲೀಕ ಸರ್ವೋತ್ತಮರಿಗೆ ಸೋಮವಾರವೇ ಎಂಟು ಹುಡುಗಿಯರು ಬೇಕು. ಊಟ, ವಸತಿ ಅಲ್ಲೇ. ಈ ಆರ್ಡರ್ ಸಿಕ್ಕರೆ ಆಫೀಸು ಉಳಿದೀತು, ಇಲ್ಲದಿದ್ದರೆ ಬೀಗ. ವಿಜೇತಕ್ಕ “ಹೇಳ್ತೇನೆ” ಎಂದಷ್ಟೇ ಉತ್ತರಿಸಿ ಬ್ಯಾಗು ಎತ್ತಿಕೊಂಡಳು.

ಅಕ್ಷಿತ್ ಪತ್ತೇದಾರನಾದ. ಅದೇ ಸಿಟಿ ಬಸ್ಸಿನ ಹಿಂದಿನ ಸೀಟಿನಲ್ಲಿ ಪೇಪರಿನಿಂದ ಮುಖ ಮುಚ್ಚಿಕೊಂಡ. “ಪೇಪರಣ್ಣಾ, ಓದಿದ್ದು ಸಾಕು, ಟಿಕೆಟ್!” ಎಂದು ಕಂಡಕ್ಟರ್ ಕೂಗಿದಾಗ ಬಸ್ಸಿಗೆ ಬಸ್ಸೇ ತಿರುಗಿ ನೋಡಿತು, ವಿಜೇತಕ್ಕನನ್ನು ಬಿಟ್ಟು.

ಹೋಟೆಲಿನ ಹಿತ್ತಿಲಲ್ಲಿ ಗ್ಯಾಸ್ ಸಿಲಿಂಡರುಗಳ ಹಿಂದೆ ಅವಿತು ಅವನು ಕಿವಿಗೊಟ್ಟ.

“ಹುಡುಗಿ ಕೊಡುವವರು ಮನೆ ನೋಡ್ಲಿಕ್ಕೆ ಬಂದ ಹಾಗೆ ಬಂದಿದ್ದೀರಲ್ಲ ಮಾರಾಯ್ರೆ!” ಸರ್ವೋತ್ತಮರು ನಗುತ್ತಿದ್ದರು.

“ಹಾಗೇ ಅಂತ ಇಟ್ಕೊಳ್ಳಿ ಸರ್. ಇದು ಅವರು ಮಲಗುವ ರೂಮಾ?”

“ಹೌದು. ಒಳಗೆ ಫ್ಯಾನ್ ಉಂಟು, ನೀರು ಉಂಟು.”

“ಚಿಲಕ ಮಾತ್ರ ಹೊರಗೆ ಉಂಟು. ಒಳಗೆ ಇಲ್ಲ.”

“ಅದು ಸೇಫ್ಟಿಗೆ.”

“ಯಾರ ಸೇಫ್ಟಿಗೆ ಸರ್?”

ನಗು ನಿಂತಿತು. “ನಿಮ್ಮದೊಂದೇ ಏಜೆನ್ಸಿಯಾ ಮಂಗಳೂರಲ್ಲಿ?” ಎಂದರು ಸರ್ವೋತ್ತಮರು. ವಿಜೇತಕ್ಕ ಬ್ಯಾಗಿನ ಜಿಪ್ ಎಳೆದು ಹೊರಗೆ ಬಂದು, ತಿರುಗಿಯೂ ನೋಡದೆ ಹೇಳಿದಳು: “ಅಕ್ಷಿತ್, ಸಿಲಿಂಡರ್ ಹಿಂದೆ ಎಷ್ಟು ಹೊತ್ತು ಕೂರ್ತಿ? ಬಸ್ಸು ಬಂತು, ಬಾ.”

ಬಸ್ಸಿನಲ್ಲಿ ಆಕೆಯೇ ಮಾತು ತೆಗೆದಳು. “ನನ್ನಮ್ಮ ಅಪ್ಪಿ ನಲವತ್ತು ವರ್ಷ ಮೀನು ಮಾರಿದವಳು. ಬಂದರಿನ ಧಕ್ಕೆಯಲ್ಲಿ ಕಿವಿರು ಎತ್ತಿ ಕೆಂಪು ಉಂಟಾ ಅಂತ ನೋಡದೆ ಒಂದು ಬಂಗುಡೆಯನ್ನೂ ಬುಟ್ಟಿಗೆ ಹಾಕ್ತಿರ್ಲಿಲ್ಲ. ಮೇಲಿನ ಹೊಳಪು ಎಲ್ಲದಕ್ಕೂ ಇರ್ತದೆ. ಜಾಗ ಸರಿ ಇದ್ರೆ ಅಲ್ಲೇ ಅರ್ಜಿ ಕೊಡುವ ಅಂತ ಈ ಬ್ಯಾಗು ಹೊತ್ತುಕೊಂಡು ಹೋಗುದು. ಇದು ಹನ್ನೆರಡನೇ ಜಾಗ. ಹನ್ನೆರಡರಲ್ಲೂ ಕಿವಿರು ಕಪ್ಪು.”

“ಆಮ್ನಾಳಿಗೆ ಎಂತ ಹೇಳುದು?”

“ಚಿಲಕ ಹೊರಗೆ ಉಂಟು ಅಂತ ಹೇಳು. ಅವಳಿಗೆ ಅರ್ಥ ಆಗ್ತದೆ.”

ಬಸ್ಸು ಕಂಕನಾಡಿ ದಾಟಿತು. ಇಷ್ಟು ದಿನ ಯಾರನ್ನು ಅನುಮಾನಿಸಿದ್ದೆ ಎಂದು ಅಕ್ಷಿತನಿಗೆ ನಾಚಿಕೆಯೇನೋ ಆಗಿತ್ತು. ಆದರೆ ನಾಚಿಕೆಗಿಂತ ಹೊಟ್ಟೆ ದೊಡ್ಡದು.

“ಅಕ್ಕ… ಹಾಗಾದ್ರೆ ಈ ತಿಂಗಳು ನನ್ನ ಸಂಬಳ?”

“ಇಲ್ಲ” ಎಂದಳು ವಿಜೇತಕ್ಕ. “ಬೇರೆ ಕೆಲಸ ಬೇಕಾದ್ರೆ ಅರ್ಜಿ ತುಂಬಿಸಿ ಕೊಡು. ಆದರೆ ನಾನು ಹೋಗಿ ಜಾಗ ನೋಡಿ ಬರುವವರೆಗೆ ಕಾಯ್ಬೇಕು.”