ತೌಡಿಗೆ ಕೊಟ್ಟ ಮಗಳು

ಹೆಂಡತಿ ತೀರಿಹೋಗಿ ಮೂರು ತಿಂಗಳಾಯಿತು. ಮಾತಾಡಿಸಲು ಬಂದವರೆಲ್ಲ ತಪ್ಪದೆ ಒಂದು ಮಾತು ಹೇಳುತ್ತಾರೆ: ನೀವಿಬ್ಬರೂ ಮಗಳನ್ನು ಎಷ್ಟು ಚೆನ್ನಾಗಿ ಬೆಳೆಸಿದಿರಿ, ಒಂದು ದಿನವೂ ಗದರಿದ್ದು ಕೇಳಲಿಲ್ಲ. ನಾನು ಸುಮ್ಮನೆ ತಲೆಯಾಡಿಸುತ್ತೇನೆ. ನಿಜ ಹೇಳಬೇಕೆಂದರೆ ಮಗಳನ್ನು ಬೆಳೆಸುವುದು ನಮಗೆ ಗೊತ್ತಿರಲಿಲ್ಲ. ಪಕ್ಕದ ಮನೆಯವರ ಮಗಳನ್ನು ಬೆಳೆಸಿದೆವು, ಅಷ್ಟೆ.

ಹೊಸೂರು ತಾಲ್ಲೂಕಿನ ಬಾಗಲೂರಿನ ಹತ್ತಿರ ನಮ್ಮ ಊರು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಮಗೆ ಮೊದಲು ಹುಟ್ಟಿದ ಎರಡು ಕೂಸುಗಳು ಉಳಿಯಲಿಲ್ಲ. ಒಂದು ಒಂಬತ್ತು ದಿನ ಇತ್ತು, ಇನ್ನೊಂದು ಎಂಟು ತಿಂಗಳು. ಮೂರನೆಯದು ಹೆಣ್ಣು. ಹೀಗೆ ಮಕ್ಕಳು ನಿಲ್ಲದ ಮನೆಗಳಿಗೆ ನಮ್ಮ ಕಡೆ ಒಂದು ಉಪಾಯವಿತ್ತು. ಕೂಸನ್ನು ಮೊರದಲ್ಲಿ ಮಲಗಿಸಿ, ಹೆತ್ತ ಮಕ್ಕಳೆಲ್ಲ ಬದುಕಿರುವ ಒಬ್ಬ ತಾಯಿಗೆ ಕೊಟ್ಟುಬಿಡುವುದು. ಬದಲಿಗೆ ಅವಳು ಒಂದು ಮೊರ ತೌಡು ಕೊಡುತ್ತಾಳೆ. ಅಲ್ಲಿಗೆ ಕೂಸು ಅವಳದು. ಸಾವು ಹುಡುಕಿಕೊಂಡು ನಮ್ಮ ಮನೆಗೆ ಬಂದರೂ ಇಲ್ಲಿ ನಮ್ಮ ಮಗುವೇ ಇರುವುದಿಲ್ಲ. ಐದು ವರ್ಷ ತುಂಬಿದ ಮೇಲೆ ತೌಡು ಹಿಂದಿರುಗಿಸಿ ಮಗುವನ್ನು ವಾಪಸು ತರಬಹುದು.

ಪಕ್ಕದ ಮನೆಯ ಹೆಂಗಸು ಏಳು ಹೆತ್ತು ಏಳನ್ನೂ ಉಳಿಸಿಕೊಂಡವಳು. ನಾನು ಅಕ್ಕ ಎನ್ನುತ್ತಿದ್ದೆ. ಅವಳು ತೌಡು ಕೊಟ್ಟು ಕೂಸನ್ನು ಎತ್ತಿಕೊಂಡಳು. ಆಮೇಲೆ ಅದನ್ನು ನನ್ನ ಹೆಂಡತಿಯ ಮಡಿಲಿಗೇ ಹಾಕಿ, "ನನ್ ಮಗೀಗೆ ಒಸಿ ಹಾಲು ಕೊಡಮ್ಮ, ನಂಗೆ ವಯಸ್ಸಾಯ್ತು" ಅಂದಳು. ತೌಡನ್ನು ಸಂಜೆಯೊಳಗೆ ಹಸು ತಿಂದು ಮುಗಿಸಿತು.

ಮಗು ನಮ್ಮ ಮನೆಯಲ್ಲೇ ಬೆಳೆಯಿತು. ಅಕ್ಕನನ್ನು ಅವ್ವ ಅಂದಿತು. ನನ್ನ ಹೆಂಡತಿಯನ್ನು ಅತ್ತೆ, ನನ್ನನ್ನು ಮಾಮ. 'ನಮ್ಮ ಮಗಳು' ಎಂಬ ಮಾತು ನಮ್ಮ ಬಾಯಲ್ಲಿ ಬರುವಂತಿರಲಿಲ್ಲ. ಈ ವಿಷಯದಲ್ಲಿ ನನ್ನ ಹೆಂಡತಿ ಬಹಳ ಕಟ್ಟುನಿಟ್ಟು. ಹೊಸೂರಿನಿಂದ ಸಿಡುಬಿನ ಚುಚ್ಚುಮದ್ದು ಹಾಕುವವನು ಬಂದು, ಯಾರ ಮಗು ಎಂದು ತಮಿಳಿನಲ್ಲಿ ಕೇಳಿದಾಗ, ಎದೆಗೆ ಕೂಸನ್ನು ಒತ್ತಿಕೊಂಡೇ "ಪಕ್ಕದ್ಮನೇದು" ಅಂದಳು. ಗೋಡೆಯಾಚೆಯಿಂದ ಅಕ್ಕ "ನಂದೇ ಕಣಪ್ಪ" ಎಂದು ಕೂಗಿದಳು. ಅವನು ಅವಳ ನರೆತ ತಲೆಯನ್ನು ಒಮ್ಮೆ ನೋಡಿ, ಹಾಗೇ ಬರೆದುಕೊಂಡ.

ಪಕ್ಕದ ಮನೆಯ ಮಗುವಿಗೆ ಹೊಡೆಯಲಾಗುವುದಿಲ್ಲ. ಕೆಲಸ ಹೇಳುವುದಾದರೆ "ಹೋಗ್ತೀಯಾಮ್ಮ?" ಎಂದು ಕೇಳಬೇಕು; ಅದು ಒಲ್ಲೆ ಅಂದರೆ ನಾವೇ ಹೋಗಬೇಕು. ಅದು ಇರುವೆಯ ಕಥೆ ಹೇಳಲು ಕೂತರೆ ಇರುವೆ ಗೂಡು ಸೇರುವವರೆಗೆ ಕೇಳಬೇಕು. ಒಂದು ದಿನ ಅವಳು ಕರುವಿನ ಹಗ್ಗ ಬಿಚ್ಚಿಬಿಟ್ಟಳು. ಕರು ಹಾಲನ್ನೆಲ್ಲ ಕುಡಿದುಬಿಟ್ಟಿತು. "ಪರ್ವಾಗಿಲ್ಲಮ್ಮ, ಅದ್ಕೂ ಹಸಿವಾಗಿತ್ತೇನೋ" ಅಂದೆ. ಒಳಗೆ ಸಿಟ್ಟಿತ್ತು. ಆದರೆ ಅವರ ಮಗಳಲ್ಲವೆ.

ಐದು ತುಂಬಿತು. ತೌಡು ಕೊಟ್ಟು ಕರೆತಂದೆವು. ಅಕ್ಕ ಅವಳಿಗೆ, "ಇನ್ಮೇಲೆ ಇವಳ್ನ ಅವ್ವ ಅನ್ನು, ಅವನ್ನ ಅಪ್ಪ ಅನ್ನು" ಎಂದಳು. ಹುಡುಗಿ ನಾಚಿಕೊಂಡು ನಕ್ಕಳು. "ನಾಳೆ ಅಂತೀನಿ" ಅಂದಳು. ಹೆಂಡತಿಗೆ ಆ ರಾತ್ರಿ ಊಟ ಸೇರಲಿಲ್ಲ.

ಬೆಳಗ್ಗೆ ಎದ್ದು ನೋಡಿದರೆ ಮತ್ತೆ ಅದೇ ಕರು, ಅದೇ ಹಗ್ಗ. ನಾನು ಅಪ್ಪನಾಗಿ ಇನ್ನೂ ಒಂದು ದಿನ ಆಗಿರಲಿಲ್ಲ. ಕೆನ್ನೆಗೆ ಬಿಗಿದೆ. ಹುಡುಗಿ ಅಳಲಿಲ್ಲ. ನನ್ನ ಮುಖ ನೋಡಿದಳು, ಯಾರೋ ಹೊಸಬನನ್ನು ನೋಡುವ ಹಾಗೆ. ನೇರ ಪಕ್ಕದ ಮನೆಗೆ ಹೊರಟುಹೋದಳು.

ಸ್ವಲ್ಪ ಹೊತ್ತಿಗೆ ಅಕ್ಕ ಬಂದಳು.

"ಯಾಕ್ಲಾ ಹೊಡ್ದೆ?"

"ಕರು ಬಿಟ್ಬುಟ್ಲು ಅಕ್ಕ."

"ಹೋದ್ ತಿಂಗ್ಳೂ ಬಿಟ್ಟಿದ್ಲು. ಆಗೇನಂದೆ?"

"ಆಗ ನಿನ್ ಮಗ್ಳು."

"ಓಹೋ! ನನ್ ಮಗ್ಳಾದ್ರೆ ಪರ್ವಾಗಿಲ್ಲಮ್ಮ, ನಿನ್ ಮಗ್ಳಾದ್ರೆ ಏಟಾ? ಐದು ವರ್ಷ ಆ ಕೈಯ ಎಲ್ಲಿಕ್ಕಿದ್ಯಲಾ?"

ಹೆಂಡತಿ ಹೋಗಿ ಕರುವನ್ನು ಕಟ್ಟಿಹಾಕಿದಳು; ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಎರಡು ಮಕ್ಕಳನ್ನು ಸಾವು ಕೊಂಡೊಯ್ದಿತ್ತು. ಮೂರನೆಯದನ್ನು ನಾನೇ ಕಳಿಸಿದ್ದೆ, ಗೋಡೆಯಾಚೆಗೆ.

ಆ ಸಂಜೆ ಹೋಗಿ "ನಡೀ ಮನೆಗೆ" ಅಂದೆ. ಅಕ್ಕನ ಸೆರಗಿನ ಹಿಂದೆ ಸೇರಿಕೊಂಡಳು. ಮರುದಿನ ಕಡಲೆ ಬೆಲ್ಲ ಒಯ್ದೆ. ಕಡಲೆ ಬೆಲ್ಲ ತಿಂದಳು, ಬರಲಿಲ್ಲ. ಮೂರನೆಯ ದಿನ ಅಪ್ಪನಾದವನ ಹಕ್ಕು, ಮರ್ಯಾದೆ ಎಂದು ಏನೇನೋ ಮಾತಾಡಿದೆ. ಅಕ್ಕ ರಾಗಿ ಕೇರುವುದನ್ನು ನಿಲ್ಲಿಸಲಿಲ್ಲ. "ನನ್ನ ಯಾಕ್ ಕೇಳ್ತೀಯ? ಅವಳ್ನೇ ಕೇಳು" ಅಂದಳು.

ನಾಲ್ಕನೆಯ ದಿನ ನಾವಿಬ್ಬರೂ ಹೋದೆವು. ಈ ಸಲ ಮಾತು ಬೇರೆಯೇ ಬಂತು. "ಹೊಡೆದದ್ದು ನನ್ ತಪ್ಪು ಕಣಮ್ಮ. ನಮ್ಮನೆಗೆ ಬತ್ತೀಯಾ?" ಅಂದೆ. ದೊಡ್ಡವನು ಐದು ವರ್ಷದವಳ ಮುಂದೆ ಹಾಗೆ ನಿಂತದ್ದು ನಮ್ಮ ಊರಿನಲ್ಲಿ ಅದೇ ಮೊದಲಿರಬೇಕು. ಬೀದಿಯಲ್ಲಿ ಇಬ್ಬರು ನಿಂತು ನೋಡಿದರು.

ಹುಡುಗಿ ಯೋಚಿಸಿದಳು. "ಅಪ್ಪ ಆಗಿ ಬಂದಿದ್ರೆ ನಾ ಬರಾಕಿಲ್ಲ. ಮಾಮ ಆಗಿ ಬಂದಿದ್ರೆ ಬತ್ತೀನಿ."

ಅಕ್ಕ ಮೊರ ಕೆಳಗಿಟ್ಟು ನಕ್ಕಳು. ನನಗೂ ನಗು ಬಂತು. "ಮಾಮನೇ ಕಣಮ್ಮ" ಅಂದೆ. ಅನ್ನುತ್ತಲೇ ಹೆಂಡತಿಯ ಕಡೆ ನೋಡಿದೆ. ನಾನು ಮಾಮನಾದರೆ ಅವಳು ಮತ್ತೆ ಅತ್ತೆಯೇ ಆಗಬೇಕಿತ್ತು. ಐದು ವರ್ಷ ಒಂದು ಮಾತಿಗೆ ಕಾದವಳು ಅವಳು. ಏಟು ಕೊಟ್ಟವನು ನಾನು.

"ಅತ್ತೆ ಮುದ್ದೆ ಮಾಡಿಟ್ಟಿದಾಳೆ, ಬಾ" ಎಂದು ಹೆಂಡತಿಯೇ ಕೈ ಚಾಚಿದಳು.

ಹುಡುಗಿ ಬಂದು ಉಂಡಳು. ಅಂದಿನಿಂದ ನಾನು ಅವಳ ಮೇಲೆ ಕೈ ಎತ್ತಲಿಲ್ಲ. ಇದನ್ನೇ ಜನ ಚೆನ್ನಾಗಿ ಬೆಳೆಸುವುದು ಅನ್ನುತ್ತಾರೆ.

ಅಪ್ಪ ಎಂದು ಅವಳು ನನ್ನನ್ನು ಕರೆಯಲು ಇನ್ನೂ ಒಂದೂವರೆ ವರ್ಷ ಹಿಡಿಯಿತು. ಅವ್ವ ಎಂದು ಕರೆದದ್ದು ಅದಕ್ಕೂ ಮೊದಲೇ. ಯಾವ ದಿನ, ಯಾವ ಮಾತಿನ ನಡುವೆ ಎಂದು ನನಗೆ ತಿಳಿಯದು. ನಾನು ಹೊಲದಲ್ಲಿದ್ದೆ ಅನ್ನಿಸುತ್ತದೆ. ಕೇಳಿಸಿಕೊಂಡವಳು ನನ್ನ ಹೆಂಡತಿಯೊಬ್ಬಳೇ. ಬಾಯಿ ಬಿಟ್ಟು ಹೇಳಿದರೆ ಯಾರ ಕಣ್ಣಾದರೂ ಬಿದ್ದೀತೆಂದು ಅವಳು ಅದನ್ನು ನನಗೂ ಹೇಳಲಿಲ್ಲ. ಎಂದಾದರೂ ಅವಳನ್ನು ಕೇಳಬೇಕು ಅಂದುಕೊಂಡಿದ್ದೆ. ಕೇಳಲಿಲ್ಲ. ಮಗಳನ್ನು ಕೇಳಿದರೆ, ಅವಳಿಗೂ ನೆನಪಿಲ್ಲವಂತೆ.